ಮಗು ಏನೋ ನುಂಗಿಬಿಟ್ಟರೆ: ಮೊದಲು ಉಸಿರು ನೋಡಿ, ಆಮೇಲೆ ವಸ್ತು ಹುಡುಕಿ

ಬಾಯಿಗೆ ಬೆರಳು ಹಾಕಿ ತಡಕಾಡಬೇಡಿ. ಗಾಬರಿಯಲ್ಲಿ ಕೈ ಹೋಗುವುದೇ ಅಲ್ಲಿಗೆ. ಆದರೆ ಕಣ್ಣಿಗೆ ಕಾಣದ ವಸ್ತುವನ್ನು ಬೆರಳು ಇನ್ನಷ್ಟು ಒಳಕ್ಕೇ ತಳ್ಳುತ್ತದೆ.

ಮೊದಲು ಉಸಿರಾಟ ಗಮನಿಸಿ. ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಗಾಳಿ ಆಡುತ್ತಿದೆ ಎಂದರ್ಥ, ಕೆಮ್ಮಲು ಬಿಡಿ. ದನಿಯೇ ಹೊರಡುತ್ತಿಲ್ಲ, ತುಟಿ ನೀಲಿಗಟ್ಟುತ್ತಿದೆ ಎಂದರೆ ಉಸಿರುದಾರಿ ಕಟ್ಟಿದೆ. ಜೊತೆಗಿದ್ದವರು ಆಂಬುಲೆನ್ಸ್ ಕರೆಯಲಿ, ನೀವು ತಡಮಾಡದೆ ಕೈ ಹಚ್ಚಿ.

ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ದವಡೆಗೆ ಆಧಾರ ಕೊಡಿ. ಅಂಗೈಯ ಬುಡದಿಂದ ಬೆನ್ನಿನ ಮೇಲ್ಭಾಗದ ನಡುವೆ 5 ಸಲ ಬಲವಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತಿ. ಇಷ್ಟು ಎಳೆಯ ಕೂಸಿನ ಹೊಟ್ಟೆ ಒತ್ತಲೇಬಾರದು. ವರ್ಷ ದಾಟಿದ ಮಗುವಿಗೆ ಬೆನ್ನಿಗೆ ತಟ್ಟಿದ ಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲಕ್ಕೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ವಸ್ತು ಹೊರಬರುವವರೆಗೂ ಇದೇ ಸರದಿ. ಪ್ರಜ್ಞೆ ತಪ್ಪಿದರೆ ಸಿಪಿಆರ್, ಅಂದರೆ ಎದೆ ಒತ್ತಿ ಬಾಯಿಂದ ಉಸಿರು ಕೊಡುವುದನ್ನು, ಶುರುಮಾಡಬೇಕು.

ಉಸಿರಾಟ ಸರಾಗವಾಗಿದೆಯೇ? ಹಾಗಾದರೆ ನುಂಗಿದ್ದೇನೆಂದು ಹುಡುಕಿ. ರಿಮೋಟಿನ ಮುಚ್ಚಳ ಬಿಚ್ಚಿ ಬಿದ್ದಿದೆಯೇ, ಆಟಿಕೆಯಲ್ಲಿ ಸೆಲ್ ಇದೆಯೇ ನೋಡಿ. ನಾನು ಅತಿ ಹೆಚ್ಚು ಹೆದರುವುದು ಬಟನ್ ಸೆಲ್‌ಗೆ, ಅಂದರೆ ಗುಂಡಿಯಂಥ ಚಪ್ಪಟೆ ಬ್ಯಾಟರಿಗೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಗೋಡೆಗೆ ತಾಗಿ ವಿದ್ಯುತ್ ಹರಿದು, ಅಲ್ಲಿ ಪ್ರಬಲ ಕ್ಷಾರ ಹುಟ್ಟುತ್ತದೆ. 2 ಗಂಟೆಯೊಳಗೇ ಗಂಭೀರವಾಗಿ ಸುಡಬಲ್ಲದು. ಮಗು ನಗುನಗುತ್ತಾ ಆಡುತ್ತಿದ್ದರೂ ಕಾಯಬೇಡಿ, ಹೊರಡಿ. ಒಂದು ವರ್ಷ ದಾಟಿದ, ನುಂಗಲು ತೊಂದರೆಯಿಲ್ಲದ ಮಗುವಾದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಜೇನುತುಪ್ಪ ಕೊಡಬಹುದು, ಒಟ್ಟು 6 ಸಲದವರೆಗೆ. ಜೇನು ಹುಡುಕಲೆಂದು ಮಾತ್ರ ನಿಲ್ಲಬೇಡಿ.

ಆಯಸ್ಕಾಂತದ ತುಂಡುಗಳೂ ಇಷ್ಟೇ ಅಪಾಯ. ಎರಡು ತುಂಡು ಕರುಳಿನ ಬೇರೆಬೇರೆ ಮಡಿಕೆಯಿಂದ ಒಂದನ್ನೊಂದು ಸೆಳೆದು, ನಡುವಿನ ಗೋಡೆಯನ್ನು ತೂತು ಮಾಡುತ್ತವೆ. ಪಿನ್ನು, ಮೊಳೆಗೂ ಆಸ್ಪತ್ರೆಯೇ ದಾರಿ.

ವಾಂತಿ ಮಾಡಿಸಬೇಡಿ. ವಸ್ತು ಕೆಳಗಿಳಿಯಲೆಂದು ಊಟ ತುರುಕಬೇಡಿ. ಎಂಡೋಸ್ಕೋಪಿಗೆ (ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ವಸ್ತು ತೆಗೆಯಲು) ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿಯಿರಬೇಕು. ನುಂಗಿದಂಥದ್ದೇ ಇನ್ನೊಂದು ಸಿಕ್ಕರೆ ಜೊತೆಗೆ ಒಯ್ಯಿರಿ.

ನಾಣ್ಯ ಹೊಟ್ಟೆಗಿಳಿದಿದ್ದರೆ ಹೆಚ್ಚಿನ ಸಲ ಕೆಲ ದಿನಗಳಲ್ಲಿ ಮಲದೊಂದಿಗೆ ಹೋಗುತ್ತದೆ. ಆದರೂ ಎಲ್ಲಿದೆಯೆಂದು ಎಕ್ಸ್‌ರೇಯಲ್ಲಿ ನೋಡಿಸಿ, ಏಕೆಂದರೆ ಬಟನ್ ಸೆಲ್ಲನ್ನು ನಾಣ್ಯವೆಂದು ತಿಳಿಯುವುದು ಸುಲಭ. ಜೊಲ್ಲು ಸುರಿಯುವುದು, ಊಟ ಬೇಡವೆನ್ನುವುದು, ಹೊಟ್ಟೆನೋವು, ರಕ್ತವಾಂತಿ, ಕಪ್ಪು ಮಲ ಕಂಡರೆ ಮತ್ತೆ ಓಡಿ. ಪ್ಲಾಸ್ಟಿಕ್ಕು, ಮರದ ಚೂರು ಸಾಮಾನ್ಯವಾಗಿ ಎಕ್ಸ್‌ರೇಗೆ ಸಿಗುವುದಿಲ್ಲ. ಹಾಗಾಗಿ ಚಿತ್ರ ಚೆನ್ನಾಗಿದ್ದು ಕೆಮ್ಮು, ಗೊರಗೊರ ನಿಲ್ಲದಿದ್ದರೆ, ಮಗು ಏನೋ ನುಂಗಿತ್ತೆಂದು ವೈದ್ಯರಿಗೆ ಮತ್ತೊಮ್ಮೆ ಹೇಳಿ.