ಮೊಡೆನಾದ ಪೂರಿ, ಜಿನೋವಾದ ಕಡಲೆಹಿಟ್ಟು

"ರೀ, ಇದು ಪೂರಿನೇ ಅಲ್ವಾ?" ಅಂದಳು ನನ್ನ ಹೆಂಡತಿ.

ಇಟಲಿಯ ಮೊಡೆನಾ ಊರಿನ ಒಂದು ಸಣ್ಣ ಹೋಟೆಲು. ಎದುರಿಗಿದ್ದ ಬುಟ್ಟಿಯಲ್ಲಿ ಚೌಕಾಕಾರದ ಬಿಸಿಬಿಸಿ ಪೂರಿಗಳು. ಬೆರಳಿಂದ ಒತ್ತಿದರೆ ಟುಸ್ ಅಂತ ಹಬೆ ಬರುತ್ತಿತ್ತು. ಹೆಸರು ನ್ಯೊಕ್ಕೊ ಫ್ರಿತ್ತೊ. ಅವಳು ಸಸ್ಯಾಹಾರಿ. ಖುಷಿಯಿಂದ ಎರಡು ತಿಂದಳು. ಮೂರನೆಯದಕ್ಕೆ ಪಕ್ಕದ ಬಟ್ಟಲಿನ ಬೆಣ್ಣೆ ಸವರಲು ಹೊರಟಾಗ ನನಗೆ ಯಾಕೋ ಅನುಮಾನ ಬಂತು. ಕೇಳಿದೆ. ಅದು ಬೆಣ್ಣೆಯಲ್ಲ, ಬೆಳ್ಳುಳ್ಳಿ, ರೋಸ್‌ಮೇರಿ ಹಾಕಿ ಜಜ್ಜಿದ ಹಂದಿ ಕೊಬ್ಬು. ಪೂರಿ ಕರಿದದ್ದೂ ಹಂದಿ ಕೊಬ್ಬಿನಲ್ಲೇ.

ತಪ್ಪು ನಮ್ಮದೇ. "ಮಾಂಸ ಬೇಡ" ಅಂತಷ್ಟೇ ಹೇಳಿದ್ದೆವು. ಅವರ ಲೆಕ್ಕದಲ್ಲಿ ಕೊಬ್ಬು ಮಾಂಸವಲ್ಲ. ಅವತ್ತು ರಾತ್ರಿ ಅವಳು ಊರಿಂದ ತಂದ ಚಕ್ಕುಲಿ ತಿಂದು ಮಲಗಿದಳು. ಮರುದಿನದಿಂದ ಎಲ್ಲಿ ಹೋದರೂ ಮೊದಲು "ಸೆಂಝಾ ಸ್ತ್ರುತ್ತೊ", ಅಂದರೆ ಹಂದಿ ಕೊಬ್ಬು ಬೇಡ, ಅಂತ ಹೇಳುವುದು ರೂಢಿಯಾಯಿತು. ಎಣ್ಣೆಯಲ್ಲಿ ಕರಿಯುವವರೂ ಇದ್ದಾರೆ. (ಅಂದಹಾಗೆ, ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇದನ್ನೂ ಹೋಗುವ ಮೊದಲೇ ತಿಳಿದುಕೊಂಡಿದ್ದರೆ ಒಳ್ಳೆಯದಿತ್ತು.)

ನನಗೆ ಆ ಪಥ್ಯವಿಲ್ಲ. ಅದೇ ಊಟಕ್ಕೆ ಲಂಬ್ರುಸ್ಕೊ ಹೇಳಿದ್ದೆ. ಗುಳ್ಳೆ ಬರುವ ಕೆಂಪು ವೈನ್ ಅಂದರೆ ಸಿಹಿ ಸೋಡಾ ಇರಬೇಕು ಅಂದುಕೊಂಡಿದ್ದೆ. ಬಂದದ್ದು ಸೊರ್ಬಾರಾ ಕಡೆಯದು. ತೆಳು ಗುಲಾಬಿ ಬಣ್ಣ, ತಣ್ಣಗೆ, ಸಿಹಿ ಸುಳಿವೇ ಇಲ್ಲ, ಒಳ್ಳೇ ಹುಳಿ. ಒಂದು ತುಂಡು ಜಿಡ್ಡಿನ ಪೂರಿ, ಒಂದು ಗುಟುಕು ವೈನ್. ನಾಲಿಗೆ ತೊಳೆದಿಟ್ಟ ಹಾಗಾಯಿತು. ಇಂಥ ಅಡುಗೆಯ ಊರಲ್ಲಿ ಇಂಥ ವೈನ್ ಯಾಕೆ ಅಂತ ಯಾರೂ ವಿವರಿಸಬೇಕಾಗಲಿಲ್ಲ. ಮುಂದೆ ಗ್ರಾಸ್ಪರೊಸ್ಸಾ ಅನ್ನುವ ಇನ್ನೊಂದು ಲಂಬ್ರುಸ್ಕೊ ಕುಡಿದೆ. ನೇರಳೆ ಹಣ್ಣಿನ ಬಣ್ಣ, ನೊರೆಯೂ ನೇರಳೆ, ಸ್ವಲ್ಪ ಒಗರು. ಆದರೂ ನನ್ನ ಮತ ಸೊರ್ಬಾರಾಕ್ಕೇ.

ಬಾಲ್ಸಾಮಿಕ್ ವಿನೆಗರ್ ಮಾಡುವ ಒಂದು ಮನೆಗೂ ಹೋದೆವು. ಅಟ್ಟ ಹತ್ತಬೇಕು. ಬೇಸಿಗೆಯ ಸೆಕೆ, ಚಳಿಗಾಲದ ಥಂಡಿ ಎರಡೂ ತಾಗಲಿ ಅಂತ ಪೀಪಾಯಿಗಳನ್ನು ಅಲ್ಲೇ ಇಡುತ್ತಾರೆ. ದೊಡ್ಡದರಿಂದ ಚಿಕ್ಕದಕ್ಕೆ ಒಂದೇ ಸಾಲು: ಓಕ್, ಚೆಸ್ಟ್‌ನಟ್, ಚೆರ್ರಿ, ಹಿಪ್ಪುನೇರಳೆ. ಒಳಗಿರುವುದು ಕುದಿಸಿ ಗಟ್ಟಿ ಮಾಡಿದ ದ್ರಾಕ್ಷಿ ರಸ ಮಾತ್ರ. ಆವಿಯಾಗಿ ಕಡಿಮೆಯಾದಷ್ಟನ್ನು ಪಕ್ಕದ ದೊಡ್ಡ ಪೀಪಾಯಿಯಿಂದ ತುಂಬುತ್ತಾರೆ. 'ತ್ರದಿತ್ಸಿಯೊನಾಲೆ' ಅಂತ ಮಾರಲು ಕನಿಷ್ಠ 12 ವರ್ಷ, 'ಎಕ್ಸ್‌ಟ್ರಾವೆಕ್ಯೊ' ಅನ್ನಲು 25 ವರ್ಷ ಬೇಕು. ನಾವು ಅಂಗಡಿಯಲ್ಲಿ ಕೊಳ್ಳುವ ಅಗ್ಗದ ಬಾಟಲಿಯಲ್ಲಿ ವೈನ್ ವಿನೆಗರ್ ಬೆರೆತಿರುತ್ತದೆ. 60 ದಿನಕ್ಕೇ ಮಾರಬಹುದು. ಚಮಚದಲ್ಲಿ ನಾಲ್ಕು ಹನಿ ಕೊಟ್ಟರು. ಬೆಲ್ಲ ಹಾಕಿ ಕುದಿಸಿದ ಹುಣಸೆ ಗೊಜ್ಜು ನೆನಪಾಯಿತು, ಖಾರ ಮಾತ್ರ ಇಲ್ಲ. 100 ಎಂಎಲ್ ಬಾಟಲಿಯ ಬೆಲೆ ಕೇಳಿ ಸುಮ್ನೆ ಕೆಳಗಿಳಿದೆವು.

ನನ್ನ ಹೆಂಡತಿಯ ಇಟಲಿ ಶುರುವಾದದ್ದು ಜಿನೋವಾದಲ್ಲಿ. ಫರಿನಾತಾ! ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು. ಅಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಗೆ ತಳ್ಳುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಕತ್ತರಿಸಿ, ಕಾಗದದಲ್ಲಿ ಸುತ್ತಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ ಕೊಟ್ಟರು. ಅವಳು ಬೀದಿಯಲ್ಲಿ ನಿಂತೇ ಮೂರು ತುಂಡು ಮುಗಿಸಿದಳು. ನಾನು ಅಲ್ಲಿಯದೇ ವೆರ್ಮೆಂತಿನೊ ಬಿಳಿ ವೈನ್ ಹಿಡಿದು ಕಾದೆ.

ಬೆಂಗಳೂರಿಗೆ ಬಂದ ಮೇಲೆ ನಾನೇ ಮಾಡಿದೆ. ಹಿಟ್ಟಿನ ಮೂರರಷ್ಟು ತೂಕದ ನೀರು, ಐದು ಗಂಟೆ ನೆನೆಸಿ, ಮೇಲಿನ ನೊರೆ ತೆಗೆದು ಅವನ್‌ಗೆ ಇಟ್ಟೆ. ಮೊದಲ ಸಲ ಹಲ್ವಾ ಆಯಿತು. ಎರಡನೇ ಸಲ ಕಬ್ಬಿಣದ ಕಾವಲಿಯನ್ನು ಅವನ್ನಿನಲ್ಲೇ ಚೆನ್ನಾಗಿ ಕಾಯಿಸಿ, ಧಾರಾಳವಾಗಿ ಎಣ್ಣೆ ಹಾಕಿ ಹಿಟ್ಟು ಹೊಯ್ದೆ. ಅಂಚು ಕೆಂಪಗಾಯಿತು. ಅಮ್ಮ ಒಂದು ಚೂರು ಬಾಯಿಗೆ ಹಾಕಿಕೊಂಡು, ಹಸಿಮೆಣಸಿನಕಾಯಿ ಹೆಚ್ಚಲು ಎದ್ದರು.