ಡೈರಿ ಬರೆಯುವ ಅಭ್ಯಾಸ: ತಲೆಬಿಸಿ ಇಲ್ಲದೆ ಲೆಕ್ಕ ಇಡುವುದು ಹೇಗೆ?

ಹೊಸ ವರ್ಷಕ್ಕೆ ಡೈರಿ ಶುರು ಮಾಡುವವರು ತುಂಬಾ ಜನ. ಸಂಕ್ರಾಂತಿವರೆಗೂ ಚೆನ್ನಾಗಿ ನಡೆಯುತ್ತದೆ, ಆಮೇಲೆ ಮನೆಗೆ ನೆಂಟರು ಬಂದೋ ಆಫೀಸಲ್ಲಿ ಕೆಲಸ ಜಾಸ್ತಿಯಾಗಿಯೋ ನಾಲ್ಕು ದಿನ ತಪ್ಪುತ್ತದೆ, ಆ ಖಾಲಿ ಹಾಳೆಗಳನ್ನು ನೋಡೋಕೇ ಬೇಜಾರಾಗಿ ಡೈರಿ ಬೀರು ಸೇರುತ್ತದೆ. ಬರೆಯೋಕೆ ವಿಷಯ ಸಿಗದೆ ಬಿಟ್ಟವರಿಗಿಂತ ಹೀಗೆ ಬಿಟ್ಟವರೇ ಜಾಸ್ತಿ ಅಂತ ನನಗೆ ಅನಿಸುತ್ತದೆ.

ಅದಕ್ಕೇ ಮೊದಲು ತಾರೀಖು ಅಚ್ಚಾಗಿರುವ ಡೈರಿಯನ್ನು ಪಕ್ಕಕ್ಕಿಡಿ. ಬ್ಯಾಂಕಿನವರೋ ವಿಮೆ ಏಜೆಂಟರೋ ಕೊಟ್ಟಿದ್ದರೆ ಹಾಲಿನ ಲೆಕ್ಕಕ್ಕೆ ಆಗುತ್ತದೆ. ನಿಮಗೆ ಬೇಕಾಗಿರುವುದು ಗೆರೆ ಹಾಕಿದ ಸಾದಾ ನೋಟ್‌ಬುಕ್, ಮಕ್ಕಳು ಶಾಲೆಗೆ ಒಯ್ಯುವಂಥದ್ದೇ ಸಾಕು. ಬರೆದ ದಿನ ಮಾತ್ರ ತಾರೀಖು ಹಾಕಿ. ಹಿಂದಿನದು ಎಲ್ಲಿ ಮುಗಿದಿದೆಯೋ ಅದರ ಕೆಳಗೇ ಶುರು ಮಾಡಿ. ಮಧ್ಯೆ ಹತ್ತು ದಿನ ಹೋಗಿದ್ದರೂ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಕಾಣಿಸುವುದಿಲ್ಲ.

ಯಾವ್ಯಾವ ದಿನ ಬರೆದಿರಿ ಅನ್ನುವ ಲೆಕ್ಕಕ್ಕೆ ಅದೇ ಪುಸ್ತಕದ ಕೊನೇ ಪುಟ. ತಿಂಗಳಿಗೆ ಒಂದೆರಡು ಸಾಲು, ಹೀಗೆ:

ಜೂನ್: 3, 4, 9 (ಕರೆಂಟ್ ಇರಲಿಲ್ಲ), 17, 18 (ಬಸ್ಸಲ್ಲಿ), 26.

ಅಷ್ಟೇ. ಬರೆದ ದಿನಗಳು ಮಾತ್ರ ಇಲ್ಲಿ ಬರುತ್ತವೆ, ತಪ್ಪಿದ ದಿನಕ್ಕೆ ಇಂಟು ಮಾರ್ಕ್ ಹಾಕುವುದು ಬೇಡವೇ ಬೇಡ. ಬ್ರಾಕೆಟ್ಟಿನಲ್ಲಿರುವ ಆ ಒಂದೊಂದು ಮಾತು ಮುಖ್ಯ. ಎರಡು ಮೂರು ತಿಂಗಳಾದ ಮೇಲೆ ಓದಿ ನೋಡಿ. ರಾತ್ರಿ ಮಲಗುವ ಮುಂಚೆ ಬರೆಯಬೇಕು ಅಂತ ಹಟ ಹಿಡಿದಿದ್ದಿರಿ, ಆದರೆ ಬರೆದದ್ದೆಲ್ಲ ಮಕ್ಕಳು ಶಾಲೆಗೆ ಹೋದಮೇಲಿನ ಅರ್ಧ ಗಂಟೆಯಲ್ಲೋ, ಸಂಜೆ ಮೆಟ್ರೋದಲ್ಲೋ ಆಗಿರುತ್ತದೆ. ಹಾಗಿದ್ದರೆ ಪುಸ್ತಕವನ್ನು ಹಾಸಿಗೆ ಪಕ್ಕದಿಂದ ತೆಗೆದು ಬ್ಯಾಗಿಗೆ ಹಾಕಿ. ಲೆಕ್ಕ ಇಡುವುದು ಇಂಥದ್ದು ಗೊತ್ತಾಗಲಿ ಅಂತಲೇ, ನಮಗೆ ನಾವೇ ಅಂಕ ಕೊಟ್ಟುಕೊಳ್ಳೋಕಲ್ಲ.

ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಅನ್ನುವವರಿಗೆ ಒಂದು ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ, 2010ರಲ್ಲಿ ಅಭ್ಯಾಸಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಭ್ಯಾಸ ಕೂರೋಕೆ 66 ದಿನ ಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಆ ಸಂಖ್ಯೆ ಬಂದದ್ದು ಅಲ್ಲಿಂದ. ಆದರೆ ಅದರಲ್ಲೇ ವ್ಯತ್ಯಾಸ 18 ದಿನದಿಂದ 254 ದಿನದವರೆಗೂ ಇದೆ (12 ವಾರ ದಾಟಿದ್ದೆಲ್ಲ ಲೆಕ್ಕ ಹಾಕಿ ಮಾಡಿದ ಅಂದಾಜು). ಮಧ್ಯೆ ಒಂದು ಸಲ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಪರಿಣಾಮ ಏನೂ ಆಗಲಿಲ್ಲ ಅಂತಲೂ ಇದೆ. ಈ ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ.

ಫೋನಲ್ಲೇ ಲೆಕ್ಕ ಇಡಬೇಕು ಅನಿಸಿದರೆ ಆಂಡ್ರಾಯ್ಡಿನಲ್ಲಿ ಲೂಪ್ ಹ್ಯಾಬಿಟ್ ಟ್ರ್ಯಾಕರ್ ಅಂತ ಉಚಿತ ಆ್ಯಪ್ ಇದೆ. ಅದರಲ್ಲಿ ವಾರಕ್ಕೆ ಇಷ್ಟು ಸಲ ಅಂತ ಇಟ್ಟುಕೊಳ್ಳಬಹುದು, ಪ್ರತಿದಿನ ಅನ್ನುವ ಕಟ್ಟುಪಾಡಿಲ್ಲ. ಒಂದು ದಿನ ತಪ್ಪಿದರೆ ಅದರ ಸ್ಕೋರ್ ಸ್ವಲ್ಪ ಇಳಿಯುತ್ತದೆ, ಸೊನ್ನೆಗೆ ಬೀಳುವುದಿಲ್ಲ. ರಿಮೈಂಡರ್ ಮಾತ್ರ ಹಾಕಿಕೊಳ್ಳಬೇಡಿ.

ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಚುಕ್ಕಿ ಇಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಒಬ್ಬರೇ ಇದ್ದರೆ ಸರಿ. ಮನೆ ತುಂಬ ಜನ ಇದ್ದರೆ "ಯಾಕಮ್ಮ, ಈ ವಾರ ಒಂದೂ ಚುಕ್ಕಿ ಇಲ್ಲ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳಿದರೂ ಮನಸ್ಸಿಗೆ ಭಾರ ಅಲ್ವಾ?

ಇನ್ನು, ಎಷ್ಟು ಬರೆದರೆ ಬರೆದ ಹಾಗೆ? ಒಂದೇ ಸಾಲು ಸಾಕು. "ಇವತ್ತು ಸುಸ್ತು, ಅಮ್ಮನಿಗೆ ಫೋನ್ ಮಾಡಿದೆ" ಅಂದರೂ ಆ ತಾರೀಖು ಕೊನೇ ಪುಟಕ್ಕೆ ಹೋಗಲಿ. ತಿಂಗಳುಗಟ್ಟಲೆ ಬಿಟ್ಟು ವಾಪಸ್ ಬಂದಾಗ ಬಾಕಿ ತೀರಿಸೋಕೆ ಕೂರಬೇಡಿ. ಇವತ್ತಿನ ತಾರೀಖು ಹಾಕಿ, ಇವತ್ತಿನದೇ ಬರೆಯಿರಿ. ನಡುವೆ ಆದದ್ದರಲ್ಲಿ ಹೇಳಲೇಬೇಕಾದ್ದು ಏನಾದರೂ ಇದ್ದರೆ ತಾನಾಗೇ ಬರುತ್ತದೆ.

ಕೊನೇ ಪುಟವನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಅದನ್ನು ನೋಡಿದಾಗಲೆಲ್ಲ ಮುಜುಗರ ಆಗುತ್ತಿದ್ದರೆ ಆ ಹಾಳೆ ಹರಿದು ಹಾಕಿ, ಸುಮ್ನೆ ಬರೆಯುತ್ತಾ ಹೋಗಿ. ತಾರೀಖುಗಳು ಹೇಗೂ ಒಳಗಿನ ಪುಟಗಳಲ್ಲಿ ಇದ್ದೇ ಇರುತ್ತವೆ, ಬೇಕು ಅನಿಸಿದ ದಿನ ಮತ್ತೆ ಎಣಿಸಿಕೊಳ್ಳಬಹುದು.