ಅಣು ಸ್ಥಾವರದಿಂದ ಅಯೋಡಿನ್ ಸೋರಿದರೆ ಮನೆ, ಕೊಟ್ಟಿಗೆಯಲ್ಲಿ ಮಾಡಬೇಕಾದ್ದು
ಕೈಗಾ ಸ್ಥಾವರ ನಮ್ಮೂರಿಗೆ ದೂರವಿಲ್ಲ. ಕೊಟ್ಟಿಗೆಯಲ್ಲಿ ಹಸುಗಳಿವೆ, ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡ ಅವಘಡವಾದರೆ ವಿಕಿರಣ ಸೂಸುವ ಅಯೋಡಿನ್, ಅಂದರೆ ಅಯೋಡಿನ್-131, ಗಾಳಿಯಲ್ಲಿ ಬಂದು ಹುಲ್ಲಿನ ಮೇಲೆ ಕೂರುತ್ತದೆ. ಹಸು ಮೇಯುತ್ತದೆ, ಹಾಲಿಗೆ ಇಳಿಯುತ್ತದೆ, ಕುಡಿದ ಮಗುವಿನ ಥೈರಾಯ್ಡ್ ಸೇರುತ್ತದೆ. 1986ರ ಚೆರ್ನೋಬಿಲ್ ದುರಂತದ ನಂತರ ಅಲ್ಲಿನ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬರಲು ಮುಖ್ಯ ಕಾರಣ ಇಂಥ ಹಾಲೇ.

ಸೂಚನೆ ಬಂದ ಕೂಡಲೇ ಒಳಗಿರಿ, ಕಿಟಕಿ ಬಾಗಿಲು ಮುಚ್ಚಿ. ಹಸುವನ್ನು ಮೇಯಲು ಬಿಡಬೇಡಿ. ಒಳಗಿಟ್ಟ ಒಣಹುಲ್ಲು, ಮುಚ್ಚಿಟ್ಟ ನೀರು ಕೊಡಿ. ಹಾಲು ಕಾಯಿಸಿದರೆ ಅಯೋಡಿನ್ ಹೋಗಲ್ಲ. ಪರೀಕ್ಷೆ ಆಗುವವರೆಗೆ ಮಕ್ಕಳಿಗೆ ಆ ಹಾಲು ಬೇಡವೇ ಬೇಡ, ಮೊದಲೇ ತಂದಿಟ್ಟ ಹಾಲಿನ ಪುಡಿ ಕಲಸಿ ಕೊಡಿ. ಅಯೋಡಿನ್-131 ಸುಮಾರು 8 ದಿನಕ್ಕೊಮ್ಮೆ ಅರ್ಧವಾಗುತ್ತದೆ. 80 ದಿನಕ್ಕೆ ಉಳಿಯುವುದು ಸಾವಿರಕ್ಕೆ ಒಂದು ಪಾಲು.

ವಿಕಿರಣದ ಅಯೋಡಿನ್ ಥೈರಾಯ್ಡ್ ಸೇರದಂತೆ ತಡೆಯುವ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯನ್ನು ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಿ. ದೊಡ್ಡವರಿಗೆ 130 ಮಿಲಿಗ್ರಾಂ, 3ರಿಂದ 12 ವರ್ಷದ ಮಕ್ಕಳಿಗೆ 65. ತಡವಾದಷ್ಟೂ ಪ್ರಯೋಜನ ಕಡಿಮೆ. ಮಕ್ಕಳು, ಬಸುರಿ, ಬಾಣಂತಿಯರಿಗೆ ಮೊದಲು ಕೊಡಿ. ಅಯೋಡಿನ್ ಉಪ್ಪು ಜಾಸ್ತಿ ತಿಂದರೆ ಸಾಲದೇ ಎಂದು ಕೇಳುತ್ತಾರೆ. ಖಂಡಿತ ಸಾಲದು. ಗಾಯಕ್ಕೆ ಹಚ್ಚುವ ಟಿಂಚರ್ ಕುಡಿಯುವುದಂತೂ ವಿಷ ಕುಡಿದಂತೆ.